ಡಬ್ಬದ ಮೇಲಿಲ್ಲದ ಅಂಕಿಗಳು

ಮನೆಯಲ್ಲಿ ಹಾಡು ಧ್ವನಿಮುದ್ರಿಸಲೆಂದು ಮಾರುವ ಸೌಂಡ್ ಕಾರ್ಡುಗಳ ಮುಖದ ಮೇಲೆ ಸಾಮಾನ್ಯವಾಗಿ ‘48ವಿ’ ಎಂದು ಬರೆದ ಒಂದು ಗುಂಡಿ ಇರುತ್ತದೆ. ಒತ್ತಿದರೆ ಪುಟ್ಟ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಕಂಡೆನ್ಸರ್ ಮೈಕಿಗೆ ಬೇಕಾದ ವಿದ್ಯುತ್ತನ್ನು ಅದೇ ಮೈಕಿನ ತಂತಿಯಲ್ಲಿ ಕಳಿಸುವ ಏರ್ಪಾಡು ಅದು. ಫ್ಯಾಂಟಮ್ ಪವರ್ ಎಂದು ಹೆಸರು. ಅದು 48 ಯಾಕೆ, ನೆಟ್ಟಗೆ 50 ಯಾಕಲ್ಲ ಎಂದು ಕೇಳಿದರೆ ನಾರ್ವೆಗೆ ಹೋಗಬೇಕಾಗುತ್ತದೆ. 1966ರಲ್ಲಿ ಜರ್ಮನಿಯ ನಾಯ್‌ಮನ್ ಕಂಪನಿ ಕೆಎಂ 84 ಎಂಬ ಟ್ರಾನ್ಸಿಸ್ಟರ್ ಮೈಕನ್ನು ನಾರ್ವೆಯ ಸಾರ್ವಜನಿಕ ರೇಡಿಯೊ ಎನ್‌ಆರ್‌ಕೆಗಾಗಿ ಸಿದ್ಧಪಡಿಸಿತು. ಚಳಿಗಾಲದಲ್ಲಿ ದಿನದ ಬಹುಪಾಲು ಕತ್ತಲೆಯೇ ಇರುವ ಆ ದೇಶದ ಸ್ಟುಡಿಯೊಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ಪೂರೈಕೆ ಮೊದಲೇ ಇತ್ತು. ಇದ್ದದ್ದರಲ್ಲೇ ಮೈಕೂ ನಡೆಯಲಿ ಎಂದರು, ನಡೆಯಿತು. ಇಂದು ಹುಬ್ಬಳ್ಳಿಯ ಅಂಗಡಿಯಲ್ಲಿ ಸಿಗುವ ಕಾರ್ಡಿನ ಮೇಲೂ ಅದೇ ಅಂಕಿ ಕೂತಿದೆ.

ಆ ಗುಂಡಿ ಈಗ ಅತಿ ಅಗ್ಗದ ಕಾರ್ಡಿನಲ್ಲೂ ಉಂಟು. ಸ್ಟುಡಿಯೊಗಳಲ್ಲಿ ಮಾತ್ರ ಸಿಗುತ್ತಿದ್ದ ಇಂಥ ಎಷ್ಟೋ ಸೌಕರ್ಯಗಳು ಅಂಗೈಯಗಲದ ಪೆಟ್ಟಿಗೆಗೆ ಇಳಿದಿವೆ. ಹೀಗಾಗಿ ಮಾರುವವರಿಗೆ ಹೊಸದೇನನ್ನಾದರೂ ಕೂಗಿ ಹೇಳಲೇಬೇಕು. ‘24 ಬಿಟ್, 192 ಕಿಲೊಹರ್ಟ್ಸ್’ ಎಂದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದು ಅದಕ್ಕೇ. ಮನೆಯಲ್ಲಿ ಹಾಡುವವರಿಗೆ, ನುಡಿಸುವವರಿಗೆ ನಿಜವಾಗಿ ಬೇಕಾದ ಅಂಕಿಗಳು ಬೇರೆ. ಮೈಕುಗಳಿಗೆ ಎಷ್ಟು ಕಿಂಡಿ, ಎಷ್ಟು ಡೆಸಿಬೆಲ್ ಗೇನ್ (ಸಂಕೇತ ಹಿಗ್ಗಿಸುವ ಶಕ್ತಿ), ಸದ್ದು ಕಂಪ್ಯೂಟರಿಗೆ ಹೋಗಿ ಬರಲು ಎಷ್ಟು ಮಿಲಿಸೆಕೆಂಡು, ಕಾರ್ಡನ್ನು ಕಂಪ್ಯೂಟರಿನೊಂದಿಗೆ ಮಾತಾಡಿಸುವ ಸಾಫ್ಟ್‌ವೇರಾದ ಡ್ರೈವರ್ ಇನ್ನೆಷ್ಟು ವರ್ಷ ಬಾಳುತ್ತದೆ. ಇವುಗಳಲ್ಲಿ ಕೆಲವು ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿರುತ್ತವೆ, ಕೆಲವು ಎಲ್ಲೂ ಇರುವುದಿಲ್ಲ.

ಕಂಪ್ಯೂಟರಿನಲ್ಲೇ ಇರುವ ಸೌಂಡ್ ಕಾರ್ಡು ಸಾಲದೇ ಎಂಬ ಪ್ರಶ್ನೆ ಸಹಜ. ಕೇಳಲು ಧಾರಾಳವಾಗಿ ಸಾಕು. ಧ್ವನಿಮುದ್ರಣಕ್ಕೆ ಸಾಲದು. ಅದರ ಸಣ್ಣ ಮೈಕ್ ಕಿಂಡಿ ಹೆಡ್‌ಸೆಟ್ಟಿನ ಪುಟಾಣಿ ಮೈಕಿಗೆಂದು ಮಾಡಿದ್ದು, ಕೊಡುವುದು ಕೆಲವೇ ವೋಲ್ಟು. ಸ್ಟುಡಿಯೊ ಮೈಕಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತಂತಿಗೆ ಅಲ್ಲಿ ಜಾಗವೇ ಇಲ್ಲ. ಸಾಲದ್ದಕ್ಕೆ ಪ್ರೊಸೆಸರ್, ಡಿಸ್ಕ್, ಫ್ಯಾನು ಎಲ್ಲವೂ ಪಕ್ಕದಲ್ಲೇ ಗದ್ದಲ ಎಬ್ಬಿಸುತ್ತಿರುತ್ತವೆ. ಗೇನ್ ಏರಿಸಿ ಹೆಡ್‌ಫೋನಿನಲ್ಲಿ ಕೇಳಿದರೆ ಕೆಲವು ಯಂತ್ರಗಳಲ್ಲಿ ಮೌಸ್ ಸರಿಸಿದ್ದೂ ಕಿರಿಕಿರಿಯಾಗಿ ಕೇಳಿಸುತ್ತದೆ.

ಕಂಪ್ಯೂಟರಿಗೆ ಬಾಯಿ ಬಂದದ್ದು ಆಟಗಳ ದೆಸೆಯಿಂದ. ಸಿಂಗಪುರದ ಸಿಮ್ ವಾಂಗ್ ಹೂ ಕಟ್ಟಿದ ಕ್ರಿಯೇಟಿವ್ ಕಂಪನಿ 1989ರಲ್ಲಿ ತಂದ ಸೌಂಡ್ ಬ್ಲಾಸ್ಟರ್ ಗುಂಡು ಸಿಡಿಯುವ ಸದ್ದಿಗೆ ಹೆಸರಾಯಿತೇ ಹೊರತು ಸಂಗೀತಗಾರರನ್ನು ಮನಸ್ಸಿನಲ್ಲಿಟ್ಟುಕೊಂಡದ್ದಲ್ಲ. 1998ರ ಸೌಂಡ್ ಬ್ಲಾಸ್ಟರ್ ಲೈವ್ ಭಾರೀ ಜನಪ್ರಿಯವಾಗಿತ್ತು. ಆದರೆ ಅದರ ಚಿಪ್ಪು ಒಳಗೆ ಬಂದದ್ದನ್ನೆಲ್ಲ 48 ಕಿಲೊಹರ್ಟ್ಸ್‌ಗೆ ತಿರುಗಿಸಿಯೇ ಮುಂದೆ ಬಿಡುತ್ತಿತ್ತು. ಸಿಡಿಗೆಂದು 44.1ರಲ್ಲಿ ಧ್ವನಿಮುದ್ರಿಸುವವರಿಗೆ ಅದು ಬೇಡದ ಉಪಚಾರ. ಅಂಥವರು ಎಂ-ಆಡಿಯೊದ ಆಡಿಯೊಫೈಲ್ 2496ನಂಥ ಕಾರ್ಡುಗಳಿಗೆ ಹೊರಳಿದರು. 2002ರಲ್ಲಿ ಡಿಜಿಡಿಸೈನ್ ಕಂಪನಿಯ ಎಂಬಾಕ್ಸ್, ಫೋಕಸ್‌ರೈಟ್‌ನ ಎರಡು ಪ್ರೀಆಂಪ್, ಅಂದರೆ ಮೈಕಿನ ಸಂಕೇತ ಹಿಗ್ಗಿಸುವ ಏರ್ಪಾಡು, ಹೊತ್ತು ಯುಎಸ್‌ಬಿ ತಂತಿಯಲ್ಲಿ ಬಂತು. ಕಾರ್ಡು ಕಂಪ್ಯೂಟರಿನ ಹೊಟ್ಟೆಯಿಂದ ಮೇಜಿನ ಮೇಲಕ್ಕೆ ಬಂದದ್ದು ಹೆಚ್ಚುಕಡಿಮೆ ಆ ಕಾಲದಲ್ಲಿ. 2011ರಲ್ಲಿ ಬಂದ ಫೋಕಸ್‌ರೈಟ್‌ನ ಕೆಂಪು ಪೆಟ್ಟಿಗೆ ಸ್ಕಾರ್ಲೆಟ್ 2ಐ2 ಮುಂದೆ ಮನೆ ಸ್ಟುಡಿಯೊಗಳ ಗುರುತೇ ಆಗಿಹೋಯಿತು.

ಈಗ ಕಿಂಡಿಗಳ ಲೆಕ್ಕ. ಒಬ್ಬರೇ ಕೂತು ಭಾವಗೀತೆ ಹಾಡಿ, ಆಮೇಲೆ ಕೀಬೋರ್ಡು, ಗಿಟಾರು ಒಂದೊಂದಾಗಿ ಸೇರಿಸುತ್ತ ಹೋಗುವವರಿಗೆ ಎರಡು ಕಿಂಡಿ ಹೇರಳ. ಕರ್ನಾಟಕ ಸಂಗೀತದಲ್ಲಿ ಹಾಗಲ್ಲ. ಗಾಯಕರೂ ಮೃದಂಗದವರೂ ಎದುರುಬದುರು ಕೂತು ಒಬ್ಬರ ಕಣ್ಣು ಒಬ್ಬರು ನೋಡುತ್ತ ನುಡಿಸಿದರೇನೇ ಜೀವ ಬರುವುದು. ಮೃದಂಗದ ಎರಡು ಮುಖಕ್ಕೆ ಎರಡು ಮೈಕು, ಗಾಯನಕ್ಕೊಂದು, ಅಲ್ಲಿಗೆ ಮೂರಾಯಿತು. ಪಿಟೀಲು ಬಂದರೆ ನಾಲ್ಕು. ಯಕ್ಷಗಾನದ ಹಿಮ್ಮೇಳವನ್ನು ಮುದ್ರಿಸ ಹೊರಟರೆ ಭಾಗವತರು, ಮದ್ದಳೆಯ ಎರಡು ಮುಖ, ಚೆಂಡೆ, ಶ್ರುತಿ ಎಂದು ಐದಕ್ಕೆ ಮುಟ್ಟುತ್ತದೆ. ಎರಡು ಕಿಂಡಿಯ ಕಾರ್ಡು ಕೊಂಡವರು ಆರು ತಿಂಗಳಲ್ಲಿ ಮತ್ತೆ ಅಂಗಡಿಗೆ ಬರುವುದು ಈ ಲೆಕ್ಕ ತಪ್ಪಿದ್ದರಿಂದಲೇ. ಮಾದರಿಯ ಹೆಸರಿನಲ್ಲೂ ಒಂದು ಬಲೆ ಇದೆ. ಸ್ಕಾರ್ಲೆಟ್ 4ಐ4 ಎಂದರೆ ನಾಲ್ಕು ಮೈಕು ಎಂದು ತಿಳಿದು ಕೊಂಡರೆ ಮೋಸ ಹೋದಂತೆ. ಅದರಲ್ಲಿ ಮೈಕಿನ ಪ್ರೀಆಂಪ್ ಎರಡೇ, ಉಳಿದೆರಡು ಕೀಬೋರ್ಡಿನಂಥ ಲೈನ್ ಸಂಕೇತಕ್ಕೆ. 18ಐ20ಯ ಹದಿನೆಂಟರಲ್ಲಿ ಮೈಕಿಗೆ ಸಲ್ಲುವುದು ಎಂಟು. ಉಳಿದ ಹತ್ತು, ಹೊರಗಿನಿಂದ ಇನ್ನೊಂದು ಯಂತ್ರ ತಂದು ಜೋಡಿಸಿದಾಗ ಮಾತ್ರ ಬಳಕೆಗೆ ಬರುವ ಡಿಜಿಟಲ್ ದಾರಿಗಳು. ಕಂಪನಿ ಸುಳ್ಳು ಹೇಳಿಲ್ಲ. ಹಾಗೆಂದು ಬಿಡಿಸಿಯೂ ಹೇಳಿಲ್ಲ.

ವೀಣೆ, ಪಿಟೀಲಿಗೆ ಅಂಟಿಸುವ ಪೀಜೊ ಪಿಕಪ್ಪುಗಳದ್ದು ಇನ್ನೊಂದು ಕಥೆ. ಇವನ್ನು ಮೈಕಿನ ಕಿಂಡಿಗೆ ಕೊಟ್ಟರೆ ಆ ಕಿಂಡಿಯ ಕೆಲವೇ ಸಾವಿರ ಓಮ್‌ಗಳ ತಡೆಗೆ ಪಿಕಪ್ಪು ಸೋತುಹೋಗುತ್ತದೆ, ತಗ್ಗು ಸ್ವರಗಳು ಕರಗುತ್ತವೆ. ವೀಣೆಯ ಮಂದ್ರಸ್ಥಾಯಿ ಬಡಕಲಾಗಿ, ಮೀಟಿನ ಟಕಟಕವಷ್ಟೇ ಉಳಿಯುತ್ತದೆ. ಇಂಥದ್ದಕ್ಕೆ ಹತ್ತು ಲಕ್ಷ ಓಮ್ ಆಸುಪಾಸಿನ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಜೆಡ್’ ಕಿಂಡಿ ಬೇಕು. ಗಿಟಾರಿನ ಚಿತ್ರ ಬರೆದಿರುತ್ತಾರೆಂದು ವೈಣಿಕರು ಅದನ್ನು ತಮ್ಮದಲ್ಲ ಎಂದುಕೊಳ್ಳಬೇಕಿಲ್ಲ.

ಕೊಳ್ಳುವವರು ಅತಿ ಕಡಿಮೆ ಕೇಳುವ, ಅತಿ ಹೆಚ್ಚು ಪಶ್ಚಾತ್ತಾಪ ಪಡುವ ಸಂಗತಿ ಎಂದರೆ ಗೇನ್. ಮೈಕು ಕೊಡುವ ವಿದ್ಯುತ್ ಸಂಕೇತ ತೀರಾ ಕ್ಷೀಣ, ಅದನ್ನು ಸಾವಿರ ಪಟ್ಟು ಹಿಗ್ಗಿಸುವುದು ಪ್ರೀಆಂಪಿನ ಕೆಲಸ. 60 ಡೆಸಿಬೆಲ್ ಎಂದರೆ ಸರಿಯಾಗಿ ಸಾವಿರ ಪಟ್ಟು. ಎಲ್ಲ ಮೈಕುಗಳ ಹಸಿವೂ ಒಂದೇ ಅಲ್ಲ. ಒಂದೇ ಮಟ್ಟದ ಸದ್ದಿಗೆ, ಅಂದರೆ ಒಂದು ಪ್ಯಾಸ್ಕಲ್ ಒತ್ತಡಕ್ಕೆ, ವೇದಿಕೆಗಳಲ್ಲಿ ಎಲ್ಲೆಲ್ಲೂ ಕಾಣುವ ಶೂರ್ ಎಸ್‌ಎಂ58 ಕೊಡುವುದು 1.85 ಮಿಲಿವೋಲ್ಟು. ಆಡಿಯೊ-ಟೆಕ್ನಿಕಾದ ಎಟಿ2020 ಎಂಬ ಅಗ್ಗದ ಕಂಡೆನ್ಸರ್ ಮೈಕು ಕೊಡುವುದು 14 ಮಿಲಿವೋಲ್ಟು, ಏಳೂವರೆ ಪಟ್ಟು. ಪಾಡ್‌ಕಾಸ್ಟ್ ಮಾಡುವವರೆಲ್ಲ ಮುಖದ ಮುಂದಿಟ್ಟುಕೊಳ್ಳುವ ಶೂರ್ ಎಸ್‌ಎಂ7ಬಿ ಇನ್ನೂ ಮಿತಭಾಷಿ, ಅದರದ್ದು ಬರೀ 1.12 ಮಿಲಿವೋಲ್ಟು. ಅದಕ್ಕೆ ಕನಿಷ್ಠ 60 ಡೆಸಿಬೆಲ್ ಗೇನ್ ಬೇಕೆಂದು ಶೂರ್ ಕಂಪನಿಯೇ ಹೇಳಿದೆ. ಹಗ್ಗ ಎರಡು ಮೊಳ ಕಡಿಮೆಯಾದರೆ ಬಾವಿಯ ನೀರು ಎಷ್ಟು ಸಿಹಿಯಾಗಿದ್ದರೂ ಫಲವಿಲ್ಲ.

ಸ್ಕಾರ್ಲೆಟ್ 2ಐ2ರ ಮೂರನೆಯ ಪೀಳಿಗೆಯಲ್ಲಿ ಗೇನ್ 56 ಡೆಸಿಬೆಲ್. 2023ರ ನಾಲ್ಕನೆಯ ಪೀಳಿಗೆಯಲ್ಲಿ 69. ತಮಾಷೆಯೆಂದರೆ ಅದೇ ನಾಲ್ಕನೆಯ ಪೀಳಿಗೆಯ, ಅದೇ ಬಣ್ಣದ, ಪಕ್ಕದಲ್ಲೇ ಕೂತ ಸ್ಕಾರ್ಲೆಟ್ ಸೋಲೊದಲ್ಲಿ 57 ಮಾತ್ರ. ‘ಹೇಗೂ ಒಬ್ಬನೇ ಹಾಡುವುದು, ಒಂದು ಮೈಕಿನದು ಸಾಕು’ ಎಂದು ಸೋಲೊ ಕೊಂಡು ಎಸ್‌ಎಂ7ಬಿ ಜೋಡಿಸಿದರೆ ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಮೆಲುದನಿ ಮೇಲೇಳದು. ಆಮೇಲೆ ಕ್ಲೌಡ್‌ಲಿಫ್ಟರ್‌ನಂಥ ನಡುವಿನ ಹಿಗ್ಗಿಸುವ ಪೆಟ್ಟಿಗೆಗೆ ಮತ್ತೆ ದುಡ್ಡು ಸುರಿಯಬೇಕು. ಅದೇ ಸೋಲೊಗೆ ಎಟಿ2020 ಜೋಡಿಸಿದರೆ ಅರ್ಧ ಗುಂಡಿಗೇ ಧ್ವನಿ ತುಂಬಿ ಬರುತ್ತದೆ. ಅಂದರೆ ಮೊದಲು ಮೈಕು ಯಾವುದೆಂದು ನಿಶ್ಚಯ ಮಾಡಿ, ಆಮೇಲೆ ಕಾರ್ಡು ಆರಿಸುವುದು ಸರಿಯಾದ ಕ್ರಮ. ಬಹುತೇಕ ಮಂದಿ ತಿರುಗುಮುರುಗಾಗಿ ಮಾಡುತ್ತಾರೆ.

ಚೆಂಡೆಯ ಸಮಸ್ಯೆ ಇದಕ್ಕೆ ತದ್ವಿರುದ್ಧ. ಕೋಣೆಯೊಳಗೆ ಚೆಂಡೆಯ ಹೊಡೆತಕ್ಕೆ, ಗೇನ್ ಸೊನ್ನೆಯಲ್ಲಿಟ್ಟರೂ, ಸದ್ದು ಮಿತಿ ಮೀರಿತೆಂದು ಎಚ್ಚರಿಸುವ ಕೆಂಪು ದೀಪ ಮಿನುಗಬಹುದು. ಚೆಂಡೆ ಮುದ್ರಿಸುವವರು ನೋಡಬೇಕಾದ್ದು ಮೈಕ್ ಕಿಂಡಿ ಗರಿಷ್ಠ ಎಷ್ಟು ದೊಡ್ಡ ಸಂಕೇತವನ್ನು ತಾಳುತ್ತದೆ, ತಗ್ಗಿಸುವ ‘ಪ್ಯಾಡ್’ ಗುಂಡಿ ಇದೆಯೇ ಎಂಬುದನ್ನು.

ಇನ್ನು ಪ್ರೀಆಂಪಿನ ಗುಣಮಟ್ಟ. ಇದರ ಸುತ್ತ ಹೊಗಳುಭಟ್ಟರ ಸಾಹಿತ್ಯವೇ ಬೆಳೆದಿದೆ. 150 ಓಮ್‌ನ ಮೈಕೊಂದರಿಂದ ಉಷ್ಣತೆಯ ಕಾರಣಕ್ಕೇ ಹುಟ್ಟುವ ಸದ್ದು ಸುಮಾರು ಮೈನಸ್ 131 ಡಿಬಿಯು (ವಿದ್ಯುತ್ ಸಂಕೇತ ಅಳೆಯುವ ಡೆಸಿಬೆಲ್ ಮಾನ). ಭೌತಶಾಸ್ತ್ರ ಎಳೆದಿರುವ ಈ ಗೆರೆಯ ಕೆಳಗೆ ಯಾರೂ ಹೋಗಲಾರರು. ಇಂದಿನ ಸಾಧಾರಣ ಬೆಲೆಯ ಒಳ್ಳೆಯ ಕಾರ್ಡುಗಳು ಮೈನಸ್ 127, 128ರಲ್ಲಿವೆ. ಹತ್ತು ಪಟ್ಟು ಬೆಲೆ ಕೊಟ್ಟು ಗೆಲ್ಲಬಹುದಾದದ್ದು ಎರಡು ಮೂರು ಡೆಸಿಬೆಲ್. ಅತ್ತ ರಾತ್ರಿ ಎಲ್ಲರೂ ಮಲಗಿದ ಮೇಲೂ ಮನೆಯ ಕೋಣೆಯಲ್ಲಿ 30 ಡೆಸಿಬೆಲ್ ಸದ್ದು ಇದ್ದೇ ಇರುತ್ತದೆ. ಫ್ಯಾನು ತಿರುಗುತ್ತಿದ್ದರಂತೂ ಕೇಳುವುದೇ ಬೇಡ. ಎಟಿ2020ರ ಸ್ವಂತ ಸದ್ದು 20 ಡೆಸಿಬೆಲ್. ಅಂದರೆ ಫ್ರಿಜ್ಜು, ಬೀದಿ, ಪಕ್ಕದ ಮನೆಯ ಮೋಟರು ಇವೆಲ್ಲ ಮೈಕಿನ ಸದ್ದನ್ನೂ ಕಾರ್ಡಿನ ಸದ್ದನ್ನೂ ಮುಚ್ಚಿಹಾಕುತ್ತವೆ. ಕಾರ್ಡಿಗೆ ಇನ್ನೂ ಹದಿನೈದು ಸಾವಿರ ಸೇರಿಸಬೇಕೆಂದಿರುವವರು ಆ ದುಡ್ಡಿನಲ್ಲಿ ಕಿಟಕಿಗೆ ದಪ್ಪ ಪರದೆ, ಗೋಡೆಗೆ ಕಂಬಳಿ, ಒಂದು ಗಟ್ಟಿ ಮೈಕ್ ಸ್ಟ್ಯಾಂಡು ತಂದರೆ ಹಾಡು ಹೆಚ್ಚು ಚೆನ್ನಾಗಿ ಕೇಳುತ್ತದೆ. ಸೀರೆ ತುಂಬಿದ ಬೀರುವಿನ ಬಾಗಿಲು ತೆರೆದು ಅದಕ್ಕೆ ಬೆನ್ನುಕೊಟ್ಟು ನಿಂತು ಹಾಡುವುದಕ್ಕಂತೂ ಖರ್ಚೇ ಇಲ್ಲ.

ಮಿಲಿಸೆಕೆಂಡುಗಳ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕಾದ್ದು. ಹಾಡುವವರ ದನಿ ಕಾರ್ಡಿನೊಳಗೆ ಅಂಕಿಗಳಾಗಿ, ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಹೋಗಿ, ಸಾಫ್ಟ್‌ವೇರ್ ಹೊಕ್ಕು, ಮತ್ತೆ ಕಾರ್ಡಿಗೆ ಬಂದು ಹೆಡ್‌ಫೋನಿನಲ್ಲಿ ಕೇಳಿಸುವಷ್ಟರಲ್ಲಿ ತಡವಾಗುತ್ತದೆ. ಕಂಪ್ಯೂಟರು ಸದ್ದನ್ನು ಹನಿಹನಿಯಾಗಿ ಎತ್ತಿಕೊಳ್ಳುವುದಿಲ್ಲ. ಸದ್ದಿನ ಒಂದಷ್ಟು ಮಾದರಿಗಳು (ಸ್ಯಾಂಪಲ್) ಕೂಡುವ ತನಕ ಕಾಯುತ್ತದೆ. ಆ ಗಂಟಿಗೆ ಬಫರ್ ಎಂದು ಹೆಸರು. 48 ಕಿಲೊಹರ್ಟ್ಸ್‌ನಲ್ಲಿ 512 ಮಾದರಿಯ ಬಫರ್ ಎಂದರೆ ಹೋಗುವಾಗ 10.7 ಮಿಲಿಸೆಕೆಂಡು, ಬರುವಾಗ ಮತ್ತೆ ಅಷ್ಟು. 128ಕ್ಕೆ ಇಳಿಸಿದರೆ 2.7. ಕಛೇರಿಯಲ್ಲಿ ಗಾಯಕರಿಂದ ಎರಡು ಮೀಟರು ದೂರದಲ್ಲಿರುವ ಮೃದಂಗದವರಿಗೆ ಗಾಳಿಯಲ್ಲಿ ದನಿ ತಲುಪಲು 6 ಮಿಲಿಸೆಕೆಂಡು ಬೇಕು. ಅದರಿಂದ ಯಾರ ಲಯವೂ ಕೆಟ್ಟಿಲ್ಲ. ಇಪ್ಪತ್ತು ದಾಟಿದರೆ ಮಾತ್ರ ದ್ರುತಕಾಲದಲ್ಲಿ ಕಾಲು ಜಾರುತ್ತದೆ.

ಬಫರ್ ಇಳಿಸುವುದು ಎಲ್ಲ ಕಾರ್ಡಿಗೂ ಆಗದು. ಅದು ಡ್ರೈವರಿನ ಮೇಲೆ ನಿಂತಿದೆ. ವಿಂಡೋಸ್ ಮೊದಲಿನಿಂದಲೂ ಇದರಲ್ಲಿ ಮಂದ. ಆ ಕಾರಣಕ್ಕೇ 1990ರ ದಶಕದಲ್ಲಿ ಜರ್ಮನಿಯ ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಕಂಪನಿ ವಿಂಡೋಸಿನ ಸದ್ದಿನ ವ್ಯವಸ್ಥೆಯನ್ನು ತಪ್ಪಿಸಿ ಹೋಗುವ ‘ಆಸಿಯೊ’ ಎಂಬ ಅಡ್ಡದಾರಿ ಕಟ್ಟಿತು. ಇಂದಿಗೂ ವಿಂಡೋಸಿನಲ್ಲಿ ಸಂಗೀತದ ಕೆಲಸ ನಡೆಯುವುದು ಬಹುಮಟ್ಟಿಗೆ ಆ ದಾರಿಯಲ್ಲೇ. ಕಾರ್ಡಿಗೆ ತನ್ನದೇ ಆಸಿಯೊ ಡ್ರೈವರ್ ಇದೆಯೇ ಎಂದು ಕೇಳುವುದು ವಿಂಡೋಸಿನವರ ಮೊದಲ ಪ್ರಶ್ನೆಯಾಗಬೇಕು. ಬೆಹ್ರಿಂಗರ್‌ನ ಯುಎಂ2 ಅಗ್ಗವೆಂದು ಕಾಲೇಜು ಹುಡುಗರಲ್ಲಿ ಬಲು ಪ್ರಿಯ. ಅದು 48 ಕಿಲೊಹರ್ಟ್ಸ್‌ನ ಕಾರ್ಡು, ಆಸಿಯೊ4ಆಲ್ ಎಂಬ ಉಚಿತ ತೇಪೆಯ ಮೇಲೆ ನಡೆಯುವಂಥದ್ದು. ತೇಪೆ ಹಲವರಿಗೆ ಸಾಕಾಗುತ್ತದೆ, ಕೆಲವರಿಗೆ ಪಟಪಟ ಸದ್ದು ಕೊಡುತ್ತದೆ. ಮ್ಯಾಕಿನವರಿಗೆ ಈ ತಲೆನೋವು ಕಡಿಮೆ, ಅಂಥದ್ದೇ ಕೆಲಸ ಮಾಡುವ ಕೋರ್ ಆಡಿಯೊ ಆ ಯಂತ್ರದಲ್ಲೇ ಇದೆ. ಇನ್ನೊಂದು ವಿಚಿತ್ರ: ಉಚಿತವೆಂದು ನಮ್ಮಲ್ಲಿ ಮನೆಮಾತಾಗಿರುವ ಆಡಾಸಿಟಿ ಲೈಸೆನ್ಸಿನ ತೊಡಕಿನಿಂದಾಗಿ ವರ್ಷಗಟ್ಟಲೆ ಆಸಿಯೊ ಇಲ್ಲದೆಯೇ ಬಂದ ಸಾಫ್ಟ್‌ವೇರು. ಹೊಸ ಡ್ರೈವರ್ ಹಾಕಿಯೂ ಏನೂ ಬದಲಾಗಲಿಲ್ಲವೆಂದು ಪೇಚಾಡಿದವರು ಬಹಳ. ರೀಪರ್, ಆರ್ಡರ್, ಕ್ಯೂಬೇಸ್‌ನಂಥ ಧ್ವನಿಮುದ್ರಣದ ಸಾಫ್ಟ್‌ವೇರುಗಳಲ್ಲಿ ಆ ಅಡಚಣೆ ಇಲ್ಲ.

ಆದರೆ ಇಷ್ಟೆಲ್ಲ ಯಾರಿಗೆ ಬೇಕು? ಬರೀ ಹಾಡುವವರಿಗೆ ಬೇಡ. ಕಾರ್ಡಿನ ಮೇಲೆ ‘ಡೈರೆಕ್ಟ್ ಮಾನಿಟರ್’ ಎಂಬ ಗುಂಡಿ ಇದ್ದರೆ ದನಿ ಕಂಪ್ಯೂಟರಿಗೆ ಹೋಗುವ ಮೊದಲೇ ಒಂದು ಕವಲು ನೇರವಾಗಿ ಹೆಡ್‌ಫೋನಿಗೆ ಬರುತ್ತದೆ, ತಡವೆಂಬುದೇ ಇರುವುದಿಲ್ಲ. ಮುದ್ರಿತವಾದದ್ದನ್ನು ಸಾಫ್ಟ್‌ವೇರು ಹಿಂದಕ್ಕೆ ಸರಿಸಿ ತಾಳಕ್ಕೆ ಕೂರಿಸಿಕೊಳ್ಳುತ್ತದೆ. ಮಿಲಿಸೆಕೆಂಡಿನ ಚಿಂತೆ ನಿಜವಾಗಿ ಇರುವುದು ಮಿಡಿ ಕೀಬೋರ್ಡು ಒತ್ತಿ ಕಂಪ್ಯೂಟರಿನೊಳಗಿನ ಪಿಯಾನೊ ನುಡಿಸುವವರಿಗೆ, ಎಲೆಕ್ಟ್ರಿಕ್ ಗಿಟಾರಿಗೆ ಸಾಫ್ಟ್‌ವೇರ್ ಆಂಪ್ಲಿಫೈಯರ್ ಬಳಸುವವರಿಗೆ. ಅವರು ಕೇಳಬೇಕಾದ ಸದ್ದು ಹುಟ್ಟುವುದೇ ಕಂಪ್ಯೂಟರಿನ ಒಳಗೆ, ಹಾಗಾಗಿ ಅವರಿಗೆ ಕವಲುದಾರಿ ಇಲ್ಲ. ತಮ್ಮ ಡ್ರೈವರನ್ನು ತಾವೇ ಬರೆದು ದೀರ್ಘಕಾಲ ಪೋಷಿಸುವ ಜರ್ಮನಿಯ ಆರ್‌ಎಂಇಯಂಥ ಕಂಪನಿಗೆ ಅವರು ಹೆಚ್ಚು ಬೆಲೆ ಕೊಟ್ಟರೆ ಅದರಲ್ಲಿ ಅರ್ಥವಿದೆ.

ಈಗ ದಪ್ಪಕ್ಷರದ 192ಕ್ಕೆ ಬರೋಣ. ಮನುಷ್ಯರ ಕಿವಿ ಕೇಳುವುದು ಹೆಚ್ಚೆಂದರೆ 20 ಕಿಲೊಹರ್ಟ್ಸ್ ತನಕ, ನಡುವಯಸ್ಸಿನವರಿಗೆ ಅದಕ್ಕಿಂತ ಸಾಕಷ್ಟು ಕಡಿಮೆ. ಅದನ್ನು ಪೂರ್ತಿ ಹಿಡಿಯಲು ಸೆಕೆಂಡಿಗೆ ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು ಮಾದರಿ ಸಾಕು. ಸಿಡಿಯ 44.1 ಎಂಬ ಒಗಟಿನಂಥ ಅಂಕಿ ಬಂದದ್ದು ಟಿವಿಯಿಂದ. ಆರಂಭದ ಡಿಜಿಟಲ್ ಧ್ವನಿಯನ್ನು ವಿಡಿಯೊ ಟೇಪಿನ ಮೇಲೆ ಬರೆಯುತ್ತಿದ್ದರು. ಯುರೋಪಿನ ಟಿವಿ ಲೆಕ್ಕದಲ್ಲಿ ಗೆರೆಗೆ 3 ಮಾದರಿ, 294 ಗೆರೆ, ಸೆಕೆಂಡಿಗೆ 50 ಸಲ, ಗುಣಿಸಿದರೆ 44,100. ಅಮೆರಿಕ, ಜಪಾನಿನ ಟಿವಿ ಲೆಕ್ಕದಲ್ಲಿ 3, 245, 60 ಗುಣಿಸಿದರೂ ಅಷ್ಟೇ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಅಮೆರಿಕದಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಹೆಚ್ಚಿನ ಸಾಂದ್ರತೆಯ ಧ್ವನಿಯನ್ನು ಹಾಗೇ ಒಮ್ಮೆ, ಸಿಡಿಯ ಮಟ್ಟಕ್ಕೆ ಇಳಿಸಿ ಒಮ್ಮೆ ಕೇಳಿಸಿ, ಯಾವುದು ಯಾವುದೆಂದು ಕೇಳಿದರು. 554 ಸಲದಲ್ಲಿ ಸರಿಯುತ್ತರ 276, ನಾಣ್ಯ ಚಿಮ್ಮಿದರೂ ಬರುವಷ್ಟು. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ ಇಂಥ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿ, ಅತಿ ಸಣ್ಣದಾದರೂ ವ್ಯತ್ಯಾಸ ಗುರುತಿಸುವ ಶಕ್ತಿ ಇರುವಂತಿದೆ ಎಂದರು. ಅವರಿಗೆ ಸಿಕ್ಕ ಸರಿಯುತ್ತರದ ಪ್ರಮಾಣ ಶೇಕಡಾ 52ರ ಆಸುಪಾಸು. ವಾದ ಇನ್ನೂ ಮುಗಿದಿಲ್ಲ ಎಂದೇ ಇಟ್ಟುಕೊಳ್ಳೋಣ. ಸುತ್ತ ಆಟೊಗಳ ಹಾರ್ನು ಕೇಳುವ ಮನೆಯಲ್ಲಿ ಆ ಎರಡು ಅಂಶದ ಮೇಲೆ ದುಡ್ಡು ಹೂಡುವುದು ಮಾತ್ರ ವಿವೇಕವಲ್ಲ. 24 ಬಿಟ್, 48 ಕಿಲೊಹರ್ಟ್ಸ್‌ನಲ್ಲಿ ಒಂದು ಮೈಕಿನ ಒಂದು ನಿಮಿಷಕ್ಕೆ ಎಂಟೂವರೆ ಮೆಗಾಬೈಟ್ ಜಾಗ ಬೇಕು. 192ರಲ್ಲಿ ಮೂವತ್ತನಾಲ್ಕು ದಾಟುತ್ತದೆ. ವಿಡಿಯೊಗೆ ಸೇರಿಸುವ ಹಾಡಾದರಂತೂ 48ರಲ್ಲೇ ಮುದ್ರಿಸುವುದು ಲೇಸು, ಅಲ್ಲಿ ನಡೆಯುವ ಲೆಕ್ಕ ಅದೇ.

ಬಿಟ್ಟಿನ ವಿಷಯ ಹಾಗಲ್ಲ. 16 ಬಿಟ್ಟಿನಲ್ಲಿ ಅತಿ ಮೆಲುದನಿಗೂ ಅತಿ ದೊಡ್ಡ ದನಿಗೂ ನಡುವೆ ಸಿಗುವ ಹರವು 96 ಡೆಸಿಬೆಲ್. 24 ಬಿಟ್ಟಿನ ಕಾಗದದ ಲೆಕ್ಕ 144 ಆದರೂ ನಿಜವಾದ ಕಾರ್ಡುಗಳು 110ರಿಂದ 120ರ ನಡುವೆ ನಿಲ್ಲುತ್ತವೆ. ಅಷ್ಟು ಹರವು ಇದ್ದರೆ ಮಟ್ಟವನ್ನು ಅಂಚಿಗೆ ತಾಗಿಸುವ ಹಳೆಯ ಅಭ್ಯಾಸ ಬಿಡಬಹುದು. ಮೈನಸ್ 12 ಡೆಸಿಬೆಲ್ ಸುತ್ತಮುತ್ತ ಶಿಖರಗಳನ್ನಿಟ್ಟು, ಗಾಯಕರು ತಾರಸ್ಥಾಯಿಯ ಪಂಚಮಕ್ಕೆ ಏರಿದಾಗ ಕೆಂಪು ದೀಪ ಹತ್ತೀತೆಂದು ಹೆದರದೆ ಕೂರಬಹುದು. ಧ್ವನಿಮುದ್ರಣದ ಉಪಕರಣ ಮಾಡುವ ಜೂಮ್ ಕಂಪನಿಯ ಯುಎಸಿ-232ನಂಥ 32 ಬಿಟ್ ಫ್ಲೋಟ್ ಕಾರ್ಡುಗಳಲ್ಲಿ ಗೇನಿನ ಚಿಂತೆಯನ್ನೇ ಬಿಡಬಹುದೆನ್ನುತ್ತಾರೆ. ಮೈಕೇ ಒಡೆದು ಅಳುವಷ್ಟು ಸದ್ದು ಮಾಡದಿದ್ದರೆ ಆ ಮಾತು ನಿಜ.

ಯುಎಸ್‌ಬಿ-ಸಿ ಇದ್ದರೆ ವೇಗ ಹೆಚ್ಚು ಎಂಬ ನಂಬಿಕೆಗೂ ಒಂದು ಸಾಲು. ಅದು ಪ್ಲಗ್ಗಿನ ಆಕಾರ ಮಾತ್ರ. ಒಳಗೆ ಹೆಚ್ಚಿನ ಕಾರ್ಡುಗಳು ಹಳೆಯ ಯುಎಸ್‌ಬಿ 2ರಲ್ಲೇ ಓಡುತ್ತವೆ. ಎರಡು ಮೈಕಿನ 96 ಕಿಲೊಹರ್ಟ್ಸ್ ಧ್ವನಿ ಅದರ 480 ಮೆಗಾಬಿಟ್ಟಿನಲ್ಲಿ ಶೇಕಡಾ ಒಂದನ್ನೂ ತುಂಬುವುದಿಲ್ಲ.

ಭಾರತದ ಮನೆಗಳಲ್ಲಿ ಕಾರ್ಡಿಗಿಂತ ದೊಡ್ಡ ವೈರಿ ಗೋಡೆಯ ಪ್ಲಗ್ಗು. 50 ಹರ್ಟ್ಸ್‌ನ ಗುಂಯ್ ಎಂಬ ಸದ್ದು ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ, ಎರಡು ಪಿನ್ನಿನ ಚಾರ್ಜರಿನ ಲ್ಯಾಪ್‌ಟಾಪಿನಲ್ಲಿ ಎದ್ದು ಬರುತ್ತದೆ. ಕರೆಂಟು ಹೋಗಿ ಇನ್ವರ್ಟರ್ ಹತ್ತಿಕೊಂಡರೆ, ಅದು ಶುದ್ಧ ಸೈನ್ ತರಂಗದ್ದಲ್ಲವಾದರೆ, ಗುಂಯ್ ಹೋಗಿ ಝಯ್ ಬರುತ್ತದೆ. ಕಾರ್ಡು ಕೆಟ್ಟಿದೆಯೆಂದು ಮರಳಿಸುವ ಮೊದಲು ಚಾರ್ಜರ್ ಕಿತ್ತು, ಬ್ಯಾಟರಿಯಲ್ಲಿ ಓಡಿಸಿ ಕೇಳಬೇಕು. ಸದ್ದು ಮಾಯವಾದರೆ ತಪ್ಪು ಕಾರ್ಡಿನದಲ್ಲ. ಗುಂಯ್ ನಿಲ್ಲಲೆಂದು ಅರ್ಥ್ ಪಿನ್ನನ್ನೇ ಮುರಿದು ಚುಚ್ಚುವವರಿದ್ದಾರೆ. ಲೋಹದ ಮೈಕಿಗೆ ತುಟಿ ತಾಗಿಸಿ ಹಾಡುವವರು ಮಾಡಲೇಬಾರದ ಕೆಲಸ ಅದು. ಸ್ಪೀಕರಿಗೆ ಬ್ಯಾಲೆನ್ಸ್ಡ್ ತಂತಿ ಬಳಸುವುದು, ಎಲ್ಲವನ್ನೂ ಒಂದೇ ಪ್ಲಗ್ಗಿನ ಪಟ್ಟಿಗೆ ಕೊಡುವುದು, ಆಗಲೂ ನಿಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ತರುವುದು ಸುರಕ್ಷಿತ ದಾರಿ.

ಮನೆಯೇ ಸ್ಟುಡಿಯೊ ಆಗುವುದು ಕನ್ನಡಿಗರಿಗೆ ತೀರಾ ಹೊಸತಲ್ಲ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ಬಿತ್ತರಿಸಿದ್ದರು. ಈ ಕಾಲದ ಎರಡು ಉದಾಹರಣೆಗಳನ್ನು ಪಕ್ಕಪಕ್ಕ ಇಡಬಹುದು. 2020ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಪಡೆದ ಗಾಯಕಿ ಬಿಲ್ಲಿ ಐಲಿಶ್‌ಳ ಹಾಡುಗಳು ಮುದ್ರಣವಾದದ್ದು ಲಾಸ್ ಏಂಜಲೀಸಿನ ತಂದೆತಾಯಿಯ ಮನೆಯಲ್ಲಿ, ಅಣ್ಣ ಫಿನಿಯಸ್‌ನ ಮಲಗುವ ಕೋಣೆಯಲ್ಲಿ. ಅಲ್ಲಿದ್ದದ್ದು ಯೂನಿವರ್ಸಲ್ ಆಡಿಯೊದ ಅಪೊಲೊ 8, ದುಬಾರಿ ಕಾರ್ಡೇ. ಇತ್ತ ಸ್ಟೀವ್ ಲೇಸಿ ಎಂಬ ಹುಡುಗ ಐಫೋನಿಗೆ ಐರಿಗ್ ಎಂಬ ಕಿರುಬೆರಳುದ್ದದ ಅಡಾಪ್ಟರಿನಲ್ಲಿ ಗಿಟಾರು ಸಿಕ್ಕಿಸಿ ಹಾಡು ಕಟ್ಟುತ್ತಿದ್ದ. ರ‍್ಯಾಪ್ ಗಾಯಕ ಕೆಂಡ್ರಿಕ್ ಲಮಾರ್‌ನ 2017ರ ಆಲ್ಬಮ್ಮಿನಲ್ಲಿ ಅವನ ಕೆಲಸ ಸೇರಿದೆ. ಎರಡರ ಬೆಲೆಯ ನಡುವೆ ಹತ್ತಾರು ಪಟ್ಟು ಅಂತರ. ಕೇಳುಗರಲ್ಲಿ ಯಾರೂ ಆ ಅಂತರವನ್ನು ದೂರಿದ್ದಿಲ್ಲ.

ಧ್ವನಿಮುದ್ರಣಕ್ಕಿಂತ ಪಾಠಕ್ಕೇ ಕಾರ್ಡು ಕೊಳ್ಳುವವರು ಈಗ ಹಲವರು. ಬೆಂಗಳೂರು, ಮೈಸೂರಿನ ಸಂಗೀತ ಮೇಷ್ಟ್ರುಗಳು ಅಮೆರಿಕ, ಸಿಂಗಪುರದ ಕನ್ನಡ ಮಕ್ಕಳಿಗೆ ಆನ್‌ಲೈನಿನಲ್ಲಿ ಕಲಿಸುವಾಗ ತಂಬೂರಿಯ ಶ್ರುತಿ ಆಚೆ ಬದಿಗೆ ಕೇಳುವುದೇ ಇಲ್ಲವೆಂಬ ದೂರು ಸಾಮಾನ್ಯ. ಕಾರ್ಡು ಬದಲಿಸಿದರೆ ಅದು ಸರಿಹೋಗದು. ಕರೆಯ ಸಾಫ್ಟ್‌ವೇರು ಒಂದೇ ಸಮನೆ ಮೊರೆಯುವುದನ್ನೆಲ್ಲ ಫ್ಯಾನಿನ ಸದ್ದೆಂದು ಬಗೆದು ಅಳಿಸುತ್ತಿರುತ್ತದೆ. ಜೂಮ್ ಕರೆಯಲ್ಲಿ ಸಂಗೀತಗಾರರಿಗೆಂದೇ ಇರುವ ‘ಒರಿಜಿನಲ್ ಸೌಂಡ್’ ಆಯ್ಕೆ ಒತ್ತಿದರೆ ತಂಬೂರಿ ಮರಳುತ್ತದೆ. ಕಂಪ್ಯೂಟರಿನಲ್ಲೇ ನುಡಿಯುವ ಶ್ರುತಿ, ತಾಳವನ್ನು ತಮ್ಮ ದನಿಯೊಂದಿಗೆ ಬೆರೆಸಿ ಕಳಿಸಬೇಕಾದವರು ‘ಲೂಪ್‌ಬ್ಯಾಕ್’ ಇರುವ ಕಾರ್ಡನ್ನೇ ಕೇಳಬೇಕು.

ಹಳೆಯ ಕಾರ್ಡು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಈ ಯಂತ್ರಗಳು ಬೇಗ ಸವೆಯುವುದಿಲ್ಲ. ಅವುಗಳಿಗಿಂತ ಮೊದಲು ಸಾಯುವುದು ಡ್ರೈವರು. ಒಂದು ಕಾಲಕ್ಕೆ ಲಕ್ಷದ ಆಸುಪಾಸು ಬಾಳುತ್ತಿದ್ದ ಫೈರ್‌ವೈರ್ ಎಂಬ ಹಳೆಯ ತಂತಿಯ ಕಾರ್ಡುಗಳು ಈಗ ಪುಡಿಗಾಸಿಗೆ ಸಿಗುತ್ತವೆ. ಅವನ್ನು ಚುಚ್ಚುವ ಕಿಂಡಿ ಹೊಸ ಲ್ಯಾಪ್‌ಟಾಪಿನಲ್ಲಿಲ್ಲ, 2025ರ ಮ್ಯಾಕ್ ಓಎಸ್ ಅವುಗಳ ಬೆಂಬಲವನ್ನೇ ಕೈಬಿಟ್ಟಿದೆ. ‘ಕ್ಲಾಸ್ ಕಂಪ್ಲಯಂಟ್’ ಎಂದಿರುವ ಯುಎಸ್‌ಬಿ ಕಾರ್ಡುಗಳಿಗೆ ಆ ಭಯ ಕಡಿಮೆ. ಕಂಪನಿ ಮುಚ್ಚಿದರೂ ಮ್ಯಾಕ್, ಲಿನಕ್ಸ್, ಐಪ್ಯಾಡುಗಳಲ್ಲಿ ಚುಚ್ಚಿದ ಕೂಡಲೇ ನಡೆಯುತ್ತವೆ. ಕೊಳ್ಳುವ ಮುನ್ನ ಒಂದು ಕಂಡೆನ್ಸರ್ ಮೈಕನ್ನು ಜೊತೆಗೆ ಒಯ್ದು ಎರಡೂ ಕಿಂಡಿಯಲ್ಲಿ 48 ವೋಲ್ಟು ಬರುತ್ತದೆಯೇ ನೋಡಬೇಕು. ಗೇನ್ ಗುಂಡಿಯನ್ನು ನಿಧಾನ ತಿರುಗಿಸುವಾಗ ಕರಕರ ಎನ್ನುತ್ತದೆಯೇ, ಹೆಡ್‌ಫೋನಿನ ಎರಡೂ ಕಿವಿಗೆ ಸದ್ದು ಬರುತ್ತದೆಯೇ, ಯುಎಸ್‌ಬಿ ತಂತಿ ಅಲುಗಾಡಿಸಿದರೆ ಕಡಿದುಹೋಗುತ್ತದೆಯೇ ಎಂದು ಪರೀಕ್ಷಿಸಬೇಕು. ಜೊತೆಗೆ ಬಂದಿದ್ದ ಸಾಫ್ಟ್‌ವೇರು ಮೊದಲ ಮಾಲೀಕರ ಹೆಸರಿನಲ್ಲಿ ನೋಂದಣಿಯಾಗಿರುವುದೇ ಹೆಚ್ಚು, ಅದಕ್ಕೆಂದು ಮಾರುವವರು ಬೆಲೆ ಏರಿಸಿದ್ದರೆ ಅಷ್ಟನ್ನು ಕಳೆದು ಮಾತಾಡಬಹುದು.